ಹಾಳೆ ಇಲ್ಲದೆ ಗಾಡಿ ಹೊರಡಲ್ಲ

ಹೋದ ತಿಂಗಳು ನನ್ನ ಪಿತ್ತಕೋಶ ತೆಗೆದರು. ಮೂವತ್ತು ವರ್ಷ ಊರವರ ಹೊಟ್ಟೆಯ ಕಥೆಗಳನ್ನೆಲ್ಲ ಆಸ್ಪತ್ರೆಯ ರೆಕಾರ್ಡ್ ರೂಮಿನ ಕಪಾಟಿನಲ್ಲಿ ಜೋಡಿಸಿಟ್ಟವಳು ನಾನು. ನನ್ನ ಹೊಟ್ಟೆಗೂ ಒಂದು ಫೈಲು ಆಗುವ ಯೋಗ ರಿಟೈರಾದ ಮೇಲೆ ಕೂಡಿಬಂತು. ಆಗಿದ್ದು ನಾನು ಕೆಲಸ ಮಾಡಿದ ರಾಜಾಜಿನಗರದ ಆಸ್ಪತ್ರೆಯಲ್ಲೇ. ನಮ್ಮ ಮನೆ ಇರುವುದು ಬಿನ್ನಿಪೇಟೆಯಲ್ಲಿ. ಅಲ್ಲಿಂದ ಬರುವ ದಾರಿಯಲ್ಲಿ ಗಾಜಿನ ಗೋಡೆಯ ದೊಡ್ಡ ದೊಡ್ಡ ಆಸ್ಪತ್ರೆಗಳಿವೆ, ಅಲ್ಲಿಗೇ ಹೋಗೋಣ ಅಂದಳು ಮಗಳು. "ಅವರ ರೆಕಾರ್ಡ್ ಹೆಂಗಿರತ್ತೋ ಏನೋ, ನಾನು ಬರಲ್ಲ ಕಣೇ" ಅಂದೆ. ಅವಳು ಹಣೆ ಚಚ್ಚಿಕೊಂಡಳು.

ಅರಿವಳಿಕೆ ಇಳಿದು ಪೂರ್ತಿ ಎಚ್ಚರವಾದಾಗ ಆಪರೇಷನ್ ಥಿಯೇಟರಿನ, ನಮ್ಮ ಬಾಯಲ್ಲಿ ಓಟಿಯ, ಬಾಗಿಲ ಬಳಿ ಟ್ರಾಲಿಯ ಮೇಲೆ ಮಲಗಿದ್ದೆ. ಮೂಗಿಗೆ ಸ್ಪಿರಿಟ್ಟಿನ ವಾಸನೆ, ಅದರ ಹಿಂದೆಯೇ ಫಿನಾಯಿಲು. ಬಾಯಿ ಒಣಗಿತ್ತು, ಮೈ ಗಡಗಡ ನಡುಗುತ್ತಿತ್ತು. ಟ್ರಾಲಿ ಮಾತ್ರ ನಿಂತಲ್ಲೇ ನಿಂತಿತ್ತು. ತಲೆಯ ಕಡೆ ನಿಂತಿದ್ದ ಅಟೆಂಡರ್ ಗೋಡೆ ನೋಡುತ್ತಿದ್ದ.

"ಏನಪ್ಪಾ, ವಾರ್ಡಿಗೆ ಕರ್ಕೊಂಡು ಹೋಗೋ ಯೋಚನೆ ಇದೆಯೋ ಇಲ್ವೋ?"

"ಹಾಳೆ ಬಂದಿಲ್ಲ ಅಮ್ಮ. ಹಾಳೆ ಇಲ್ದೆ ಗಾಡಿ ಹೊರಡಲ್ಲ."

"ಯಾವ ಪುಣ್ಯಾತ್ಮರು ಮಾಡಿದ್ದು ಈ ರೂಲು?"

"ಗೊತ್ತಿಲ್ಲಮ್ಮ. ಹಿಂದೆ ರೆಕಾರ್ಡ್ ರೂಮಲ್ಲಿ ಯಾರೋ ಒಬ್ರು ಮೇಡಂ ಇದ್ರಂತೆ. ಬಲು ಜೋರಂತೆ."

ನಗು ಬಂತು. ಹೊಟ್ಟೆಯ ಹೊಲಿಗೆ ನಗಲು ಬಿಡಲಿಲ್ಲ. ನಡುಗುತ್ತಾ, ಆ ವಾಸನೆ ಕುಡಿಯುತ್ತಾ, ಆ ಜೋರಿನ ಮೇಡಂ ಏಳೆಂಟು ವರ್ಷದ ಹಿಂದಿನ ಒಂದು ಮಳೆಗಾಲಕ್ಕೆ ಹೋದಳು.

ಆ ವರ್ಷ ಮಳೆ ಎಂದರೆ ಅಂತಿಂಥ ಮಳೆಯಲ್ಲ. ಮಧ್ಯಾಹ್ನ ಮೂರಕ್ಕೆ ಶುರುವಾದರೆ ಮಾಗಡಿ ರಸ್ತೆಯಲ್ಲಿ ಬಸ್ಸುಗಳು ಎಮ್ಮೆಗಳ ಹಾಗೆ ನೀರಿನಲ್ಲಿ ನಿಂತುಬಿಡುತ್ತಿದ್ದವು. ನನ್ನ ರೆಕಾರ್ಡ್ ರೂಮು ಇದ್ದದ್ದು ನೆಲಮಾಳಿಗೆಯಲ್ಲಿ. ಗೋಡೆಯಲ್ಲಿ ನೀರು ಜಿನುಗುತ್ತಿತ್ತು. ಕೆಳಗಿನ ಸಾಲಿನ ಫೈಲುಗಳನ್ನೆಲ್ಲ ಮೇಲಿನ ಸಾಲಿಗೆ ಏರಿಸುವುದೇ ಜೂನ್ ತಿಂಗಳ ಕೆಲಸವಾಯಿತು. ಒದ್ದೆ ಕಾಗದದ ವಾಸನೆ ಸೀರೆಗೂ ಹತ್ತಿ, ಮನೆಗೆ ಹೋದರೆ ಮಗಳು ಮೂಗು ಮುಚ್ಚಿಕೊಳ್ಳುತ್ತಿದ್ದಳು.

ಆ ರೂಮಿನಲ್ಲಿ ಒಂದು ಪದ್ಧತಿ ಇತ್ತು. ಶನಿವಾರ ಮಧ್ಯಾಹ್ನ ಡ್ಯೂಟಿ ಡಾಕ್ಟರುಗಳು ನನ್ನ ಉದ್ದನೆಯ ಮೇಜಿನ ಸುತ್ತ ಕೂತು, ಆ ವಾರ ನಡೆದ ಆಪರೇಷನ್ನುಗಳ ನೋಟ್ ಬರೆಯುತ್ತಿದ್ದರು. ಎಲ್ಲಿ ಕೊಯ್ದರು, ಒಳಗೆ ಏನು ಕಂಡಿತು, ಏನು ತೆಗೆದರು, ಏನು ಬಿಟ್ಟರು, ಎಲ್ಲ ಆ ಒಂದು ಹಾಳೆಯಲ್ಲಿ ಇರಬೇಕು. ಅದನ್ನು ಕೊಯ್ದವರು ಕೊಯ್ದ ದಿನವೇ ಬರೆಯಬೇಕು. ಆದರೆ ದೊಡ್ಡ ಸರ್ಜನ್ನರಿಗೆ ಪುರುಸೊತ್ತೆಲ್ಲಿ? ಸೋಮವಾರದ ಹೊಟ್ಟೆಯನ್ನು ಶನಿವಾರ, ಅದೂ ಪಕ್ಕದಲ್ಲಿ ನಿಂತು ಕೊಯ್ದ ಜಾಗ ಅಗಲಿಸುವ ಕೊಕ್ಕೆ ಹಿಡಿದಿದ್ದ ಈ ಡಾಕ್ಟರ್ ಮಕ್ಕಳು, ಕ್ಯಾಂಟೀನಿನ ಮದ್ದೂರು ವಡೆ ತಿನ್ನುತ್ತಾ ನೆನಪಿಸಿಕೊಂಡು ಬರೆಯುತ್ತಿದ್ದರು. ಮುಂದಿನ ಸೋಮವಾರ ಸರ್ಜನ್ನರು ಓದದೆ ಸಹಿ ಗೀಚುತ್ತಿದ್ದರು.

ನಾನು ಇದನ್ನು ಬೈಯುತ್ತಿದ್ದೆನೇ? ಇಲ್ಲ. ಸತ್ಯ ಹೇಳಬೇಕು ಅಂತಲೇ ಬರೆಯಲು ಕೂತಿರುವುದು. ನನಗೆ ಖಾಲಿ ಫೈಲು ಕಂಡರೆ ಮೈ ಉರಿಯುತ್ತಿತ್ತು, ತುಂಬಿದ ಫೈಲು ಕಂಡರೆ ನಿದ್ದೆ ಬರುತ್ತಿತ್ತು. ಒಳಗೆ ಬರೆದದ್ದು ನಿಜವೋ ಅಲ್ಲವೋ ನೋಡುವ ಕೆಲಸ ನನ್ನದಲ್ಲ ಅಂದುಕೊಂಡಿದ್ದೆ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಮಕ್ಕಳಿಗೆ ಸುಲಭವಾಗಲಿ ಅಂತ ವಾರದ ನೋಟುಗಳಲ್ಲಿ ಅಕ್ಷರ ದುಂಡಗಿರುವ ಒಂದನ್ನು ಆರಿಸಿ ಮೇಜಿನ ಮಧ್ಯೆ ಇಡುತ್ತಿದ್ದೆ. "ಇದನ್ನ ನೋಡ್ಕೊಂಡು ಬರೀರಪ್ಪಾ, ಚಕಚಕ ಮುಗಿಯತ್ತೆ" ಅನ್ನುತ್ತಿದ್ದೆ. ಅದನ್ನು ನಾವೆಲ್ಲ ಮಾದರಿ ಹಾಳೆ ಅಂತಲೇ ಕರೆಯುತ್ತಿದ್ದೆವು. ದೊಡ್ಡ ಉಪಕಾರ ಮಾಡುತ್ತಿದ್ದೇನೆ ಅನ್ನುವ ಹಮ್ಮು ಬೇರೆ ನನಗೆ.

ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ, ಬೆಳಿಗ್ಗೆ ಹನ್ನೊಂದರ ಹೊತ್ತಿಗೆ, ಒಂದು ಹುಡುಗಿ ಕೆಳಗಿಳಿದು ಬಂದಳು. ಕಾಲೇಜಿನ ಬ್ಯಾಗು, ಕೆದರಿದ ಜಡೆ. ಹೆಸರು ಲತಾ ಅಂದಳು. ಅವಳ ಅಮ್ಮ ಗಿರಿಜಮ್ಮ ಕಾಮಾಕ್ಷಿಪಾಳ್ಯದ ಒಂದು ಗಾರ್ಮೆಂಟ್ಸ್‌ನಲ್ಲಿ ಹೊಲಿಯುವವರು. ಜೂನ್‌ನಲ್ಲಿ ನಮ್ಮಲ್ಲೇ ಪಿತ್ತಕೋಶದ ಕಲ್ಲಿಗೆ ಆಪರೇಷನ್ ಆಗಿತ್ತು. ಈಗ ಎರಡು ದಿನದಿಂದ ಹೊಟ್ಟೆನೋವು, ಜ್ವರ, ವಾಂತಿ ಅಂತ ಮತ್ತೆ ಬಂದು ಮೂರನೇ ಮಹಡಿಯಲ್ಲಿ ಮಲಗಿದ್ದರು.

"ಆಂಟಿ, ಹಳೇ ಫೈಲ್‌ದು ಜೆರಾಕ್ಸ್ ಬೇಕು. ಬೇರೆ ಕಡೆ ತೋರಿಸ್ತೀವಿ. ಡ್ರಿಪ್ ಹಾಕ್ತಾನೇ ಇದಾರೆ, ಅಮ್ಮಂಗೆ ಜಾಸ್ತಿನೇ ಆಗ್ತಿದೆ."

"ಡಾಕ್ಟ್ರು ಏನಂತಾರಮ್ಮ?"

"ಹಳೇ ಆಪರೇಷನ್ ಜಾಗದಲ್ಲಿ ಒಳಗೆ ಕರುಳು ಅಂಟ್ಕೊಂಡಿರಬಹುದು, ಇಲ್ಲಾ ಯೂರಿನ್ ಇನ್ಫೆಕ್ಷನ್ ಅಂತಾರೆ. ಸ್ಕ್ಯಾನಲ್ಲಿ ಗ್ಯಾಸ್ ತುಂಬ್ಕೊಂಡು ಸರಿಯಾಗಿ ಕಾಣಲಿಲ್ವಂತೆ. ನೋವು ಬಲಗಡೆ ಕೆಳಗೆ. ನಮ್ಮ ಪಕ್ಕದ ಮನೆ ಆಂಟಿ ಅಪೆಂಡಿಕ್ಸ್ ಇರಬೇಕು ಅಂದ್ರು. ಕೇಳಿದ್ರೆ, ಅದು ಆಗ್ಲೇ ತೆಗೆದಿದೆ ಅಂತಾರೆ. ಯಾವಾಗ ತೆಗೆದ್ರು ಆಂಟಿ? ನಮಗೆ ಯಾರೂ ಹೇಳಲೇ ಇಲ್ಲ."

ಫೈಲು ತೆಗೆದೆ. ಆಪರೇಷನ್ ನೋಟಿನಲ್ಲಿ ಬರೆದಿತ್ತು, ಪಿತ್ತಕೋಶ ತೆಗೆಯಲಾಗಿದೆ, ಅಪೆಂಡಿಕ್ಸ್ ಕೂಡ ತೆಗೆಯಲಾಗಿದೆ. ಅಚ್ಚುಕಟ್ಟಾದ ಅಕ್ಷರ. ಕೆಳಗೆ ಸರ್ಜನ್ ಶೇಷಗಿರಿಯವರ ಸಹಿ. ಆದರೆ ಆಪರೇಷನ್ನಿಗೆ ಮುಂಚೆ ಗಿರಿಜಮ್ಮ ಒಪ್ಪಿ ಸಹಿ ಹಾಕಿದ ಕಾಗದದಲ್ಲಿ ಪಿತ್ತಕೋಶ ಒಂದೇ ಇತ್ತು.

ದೇಹದಿಂದ ಏನು ತೆಗೆದರೂ ಅದು ಬಾಟಲಿಯಲ್ಲಿ ಲ್ಯಾಬಿಗೆ ಹೋಗುತ್ತದೆ. ಲ್ಯಾಬಿನವರು ಅದನ್ನು ತಮ್ಮ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. "ಇಲ್ಲೇ ಕೂತಿರು ಮಗಾ" ಅಂತ ಲತಾಳನ್ನು ಕೂರಿಸಿ ಲ್ಯಾಬಿಗೆ ಓಡಿದೆ. ಮೊಣಕಾಲು ನೋವಿನವಳು ಎರಡೆರಡು ಮೆಟ್ಟಿಲು ಹತ್ತಿದೆ. ಜೂನ್ ತಿಂಗಳ ಆ ತಾರೀಖು, ಗಿರಿಜಮ್ಮ, ಒಂದು ಬಾಟಲಿ, ಪಿತ್ತಕೋಶ. ಅಷ್ಟೇ. ಅದೇ ವಾರ ಪಕ್ಕದ ಮಂಚದ ಒಬ್ಬ ಹೆಂಗಸಿನ ಹೆಸರಿನ ಮುಂದೆ ಎರಡು ಬಾಟಲಿ, ಪಿತ್ತಕೋಶ ಮತ್ತು ಅಪೆಂಡಿಕ್ಸ್. ಆ ಹೆಂಗಸಿನ ಹೆಸರು ನನಗೆ ಚೆನ್ನಾಗಿ ನೆನಪಿತ್ತು. ಆ ಶನಿವಾರ ನಾನೇ ಆರಿಸಿ ಮೇಜಿನ ಮಧ್ಯೆ ಇಟ್ಟ ಮಾದರಿ ಹಾಳೆ ಆಕೆಯದು.

ಪುಸ್ತಕ ಕಂಕುಳಲ್ಲಿಟ್ಟುಕೊಂಡು ಕೆಳಗಿಳಿದು ಇಬ್ಬರ ಫೈಲನ್ನೂ ಕೈಗೆತ್ತಿಕೊಂಡೆ. ಗಿರಿಜಮ್ಮನ ಹೊಟ್ಟೆಯಲ್ಲಿ ಅಪೆಂಡಿಕ್ಸ್ ಇದೆ. ಅದೇ ಕೊಳೆಯುತ್ತಿದೆ. ಇಲ್ಲ ಅಂತ ನನ್ನ ಫೈಲು ಹೇಳುತ್ತಿದೆ, ಎಲ್ಲರೂ ಅದನ್ನೇ ನಂಬಿಕೊಂಡು ಡ್ರಿಪ್ ಹಾಕುತ್ತಿದ್ದಾರೆ.

ಶೇಷಗಿರಿ ಡಾಕ್ಟರು ನಮ್ಮ ಆಸ್ಪತ್ರೆಯ ಹಿರಿಯ ಸರ್ಜನ್. ಕೈ ಬಂಗಾರ, ಬಾಯಿ ಬೆಂಕಿ. ಓಪಿಡಿಯಲ್ಲಿ ಜನ ಕಿಕ್ಕಿರಿದಿದ್ದರು. ಸಾಲು ಬಿಟ್ಟು ಒಳಗೆ ನುಗ್ಗಿದೆ.

"ಏನ್ ವನಜಾಕ್ಷಿ, ಪೇಷೆಂಟ್ ನೋಡ್ತಾ ಇದೀನಿ, ಕಾಣ್ತಿಲ್ವಾ?"

"ಕಾಣ್ತಿದೆ ಸಾರ್. ಮೂರನೇ ಮಹಡೀಲಿ ಇರೋರು ನಿಮಗೆ ಕಾಣ್ತಿಲ್ಲ. ಗಿರಿಜಮ್ಮಂಗೆ ಅಪೆಂಡಿಕ್ಸ್ ಅಲ್ಲ ಅಂತ ಹೆಂಗೆ ಹೇಳಿದ್ರಿ?"

"ತೆಗೆದಾಗಿದೆಯಲ್ಲಮ್ಮ. ಫೈಲಲ್ಲಿದೆ. ನಿನ್ನ ಫೈಲೇ!"

"ಫೈಲು ಸುಳ್ಳು ಹೇಳ್ತಿದೆ ಸಾರ್."

ಕನ್ನಡಕದ ಮೇಲಿಂದ ನೋಡಿದರು. "ನೀನೇನು ಡಾಕ್ಟ್ರಾ?"

"ಅಲ್ಲ ಸಾರ್. ಎಸ್ಸೆಲ್ಸಿ ಮುಗಿಸಿ ಟೈಪಿಂಗ್ ಕಲ್ತೋಳು. ಆದ್ರೆ ಬಾಟ್ಲಿ ಒಂದಾ ಎರಡಾ ಅಂತ ಎಣಿಸೋಕೆ ಬರತ್ತೆ."

ಲ್ಯಾಬಿನ ಪುಸ್ತಕವನ್ನು ಮೇಜಿನ ಮೇಲೆ ಬಿಚ್ಚಿಟ್ಟೆ. ಪಕ್ಕದಲ್ಲಿ ಆ ಎರಡು ಫೈಲು. ಅವರು ಬೆರಳಿಟ್ಟು ಓದಿದರು, ಮತ್ತೆ ಓದಿದರು. ಅವರ ಮುಖದ ಕೆಂಪು ಇಳಿಯಿತು. "ಆ ವಾರ ಎಷ್ಟು ಕೇಸ್ ಮಾಡಿದೀನಿ... ನಂಗೆ ನೆನಪಾಗ್ತಿಲ್ಲಮ್ಮ" ಅಂದರು. ಅವರ ಬಾಯಲ್ಲಿ ಅಂಥ ಮಾತು ನಾನು ಅದುವರೆಗೂ ಕೇಳಿರಲಿಲ್ಲ. ಎದ್ದು ನಡೆದೇಬಿಟ್ಟರು. ಎದುರು ಕೂತಿದ್ದ ರೋಗಿ ನಾಲಗೆ ಚಾಚಿಕೊಂಡೇ ಇದ್ದ.

ಹನ್ನೆರಡೂವರೆಗೆ ಗಿರಿಜಮ್ಮನನ್ನು ಓಟಿಗೆ ಒಯ್ದರು. ನಾನು ರೆಕಾರ್ಡ್ ರೂಮಿಗೆ ಬೀಗ ಹಾಕಿ ಲತಾಳ ಪಕ್ಕ ಬೆಂಚಿನಲ್ಲಿ ಕೂತೆ. ಹೊರಗೆ ಮಳೆ ಹೊಯ್ಯುತ್ತಿತ್ತು. "ಅಮ್ಮ ನಾಳೆಗೆ ಅಂತ ಹೊಸ ಸೀರೆ ತೆಗೆದಿಟ್ಟಿದಾರೆ ಆಂಟಿ, ಲಕ್ಷ್ಮೀಗೆ ಉಡಿಸೋಕೆ" ಅಂದಳು ಹುಡುಗಿ. ನಾನು ಅವಳ ಕೈ ಹಿಡಿದುಕೊಂಡೆ. ಈ ಹೆಂಗಸಿಗೆ ಏನಾದರೂ ಆದರೆ ನಾಳೆಯಿಂದ ಯಾವ ಮುಖ ಹೊತ್ತು ಕಪಾಟು ತೆಗೆಯಲಿ ಅಂತ ಹೆದರಿಕೆಯಾಗಿತ್ತು. ಹಾಗೆ ಹೆದರಿದ್ದು ನನ್ನ ಸರ್ವೀಸಿನಲ್ಲಿ ಅದೊಂದೇ ಸಲ.

ಎರಡೂವರೆಗೆ ಶೇಷಗಿರಿಯವರು ಹೊರಗೆ ಬಂದರು. "ಇತ್ತಮ್ಮ. ಒಂದು ಕಡೆ ಸೋರೋಕೆ ಶುರುವಾಗಿತ್ತು. ತೆಗೆದು ತೊಳೆದಿದೀನಿ. ಉಳ್ಕೋತಾರೆ." ಲತಾ ಅಲ್ಲೇ ಕುಸಿದು ಕೂತು ಜೋರಾಗಿ ಅತ್ತಳು. ನಾನೂ ಅತ್ತೆ, ಯಾರ ಹಂಗೇನು?

ಸಂಜೆ ಡಾಕ್ಟರು ನನ್ನನ್ನು ರೂಮಿಗೆ ಕರೆದರು. ಅಲ್ಲಿ ಡ್ಯೂಟಿ ಡಾಕ್ಟರ್ ಸೌಮ್ಯ ಮೂಲೆಯಲ್ಲಿ ನಿಂತು ಬಿಕ್ಕುತ್ತಿದ್ದಳು. ಜ್ಞಾನಭಾರತಿ ಕಡೆಯ ಹುಡುಗಿ, ಓದು ಮುಗಿಸಿ ಇನ್ನೂ ವರ್ಷವಾಗಿರಲಿಲ್ಲ. ಆ ನೋಟ್ ಬರೆದವಳು ಅವಳೇ. ಹೆಸರು, ವಯಸ್ಸು ಬದಲಾಯಿಸಿದ್ದಳು, ಅಪೆಂಡಿಕ್ಸಿನ ಸಾಲು ಮಾದರಿ ಹಾಳೆಯಿಂದ ಹಾಗೇ ಇಳಿದುಬಂದಿತ್ತು.

"ಆ ಹಾಳೆ ತೆಗೆದು ಹೊಸದು ಬರೆದು ಹಾಕಿಬಿಡೋಣ" ಅಂದರು ಡಾಕ್ಟರು ಮೆಲ್ಲಗೆ. "ಈ ಹುಡುಗಿ ಭವಿಷ್ಯ ಇದೆ. ಪೇಷೆಂಟೂ ಉಳಿದ್ರು."

ನನಗೂ ಒಂದು ಕ್ಷಣ ಆಸೆಯಾಯಿತು. ಹಾಳೆ ಹೋದರೆ ಮಾದರಿಯ ಕಥೆಯೂ ಹೋಗುತ್ತದೆ, ನನ್ನ ಹೆಸರೂ ಉಳಿಯುತ್ತದೆ. ಆದರೆ ಆ ಆಸೆಯೇ ನನಗೆ ಕೋಪ ಬರಿಸಿತು.

"ಆಗಲ್ಲ ಸಾರ್. ನನ್ನ ಕಪಾಟಿಂದ ಒಂದು ಹಾಳೇನೂ ಆಚೆ ಹೋಗಲ್ಲ. ಆ ಸಾಲಿನ ಮೇಲೆ ಒಂದೇ ಗೆರೆ ಎಳೀರಿ, ಕೆಳಗಿರೋ ಅಕ್ಷರ ಕಾಣಬೇಕು. ಪಕ್ಕದಲ್ಲಿ ತಪ್ಪಾಗಿತ್ತು ಅಂತ ಬರೆದು ಇವತ್ತಿನ ತಾರೀಖು ಹಾಕಿ ಸಹಿ ಮಾಡಿ. ಮಾದರಿ ಇಟ್ಟಿದ್ದು ನಾನು, ಅದನ್ನೂ ಬರ್ಕೊಳ್ಳಿ. ಮತ್ತೆ ಗಿರಿಜಮ್ಮಂಗೆ ಎಚ್ಚರ ಆದ್ಮೇಲೆ ನೀವೇ ಹೋಗಿ ಹೇಳ್ಬೇಕು."

"ನನ್ನ ಹತ್ರನೇ ರೂಲ್ಸ್ ಮಾತಾಡ್ತೀಯಾ?"

"ಹೌದು ಸಾರ್. ಕೆಲಸದಿಂದ ತೆಗೀರಿ ಬೇಕಾದ್ರೆ. ಬೀಗದ ಕೈ ಇವತ್ತಿಗೆ ಇನ್ನೂ ನನ್ನ ಸೊಂಟದಲ್ಲೇ ಇದೆ."

ಡಾಕ್ಟರು ಫೈಲನ್ನು ತಮ್ಮ ಕಡೆ ಎಳೆದುಕೊಂಡರು. ಆಮೇಲೆ ಪೆನ್ನು ತೆಗೆದು ಗೆರೆ ಎಳೆದರು. ಅವರ ದೊಡ್ಡತನ ನಾನು ಒಪ್ಪಿದ್ದು ಆ ಗೆರೆಯಿಂದಲೇ.

ಸೌಮ್ಯಾಳನ್ನು ಕ್ಯಾಂಟೀನಿಗೆ ಎಳೆದುಕೊಂಡು ಹೋಗಿ ಕಾಫಿ ಕುಡಿಸಿದೆ. "ನಾನು ಕೆಲಸ ಬಿಟ್ಬಿಡ್ತೀನಿ ಆಂಟಿ, ನನ್ನಿಂದ ಒಂದು ಜೀವ ಹೋಗ್ತಿತ್ತು" ಅಂದಳು.

"ತಪ್ಪು ನಿಂದಲ್ಲ ಅಂತ ನಾನು ಸಮಾಧಾನ ಮಾಡಲ್ಲ ಕಣೇ. ನಿಂದೇ. ನಂದೂ ಇದೆ, ಅವರದ್ದೂ ಇದೆ. ಬಿಟ್ಟು ಹೋದ್ರೆ ಕಲ್ತಿದ್ದು ಯಾರಿಗೆ ಉಪಯೋಗ? ಮೂಗು ಒರೆಸ್ಕೋ, ಕಾಫಿ ಆರತ್ತೆ."

ಮೂರು ದಿನ ಬಿಟ್ಟು ಡಾಕ್ಟರು ಗಿರಿಜಮ್ಮನ ಮಂಚದ ಬಳಿ ಕುರ್ಚಿ ಎಳೆದುಕೊಂಡು ಕೂತರು. ಬಾಗಿಲಲ್ಲಿ ನಾನು, ನನ್ನ ಹಿಂದೆ ಸೌಮ್ಯ. ಏನಾಯಿತು ಅಂತ ಒಂದೂ ಬಿಡದೆ ಹೇಳಿದರು. ಕೂಗಾಡುತ್ತಾರೆ, ಶಾಪ ಹಾಕುತ್ತಾರೆ ಅಂದುಕೊಂಡಿದ್ದೆ. ಗಿರಿಜಮ್ಮ ಸೊರಗಿದ ಮುಖದಲ್ಲಿ ಕಣ್ಣು ಅಗಲ ಮಾಡಿಕೊಂಡು ಕೇಳಿಸಿಕೊಂಡರು. ಆಮೇಲೆ ಒಂದೇ ಮಾತು ಕೇಳಿದರು.

"ಸಾರ್, ನಮ್ಮ ಫ್ಯಾಕ್ಟ್ರೀಲಿ ಒಂದು ಕಾಲರ್ ಹೊಲಿದ್ರೂ ಬಂಡಲ್ ಮೇಲಿರೋ ಚೀಟೀಲಿ ನಮ್ಮ ನಂಬರ್ ಬರೀಬೇಕು, ಏನು ಹೊಲಿದ್ವಿ ಅಂತ. ಬರೀದಿದ್ರೆ ಬಂಡಲ್ ಮುಂದಿನ ಟೇಬಲ್‌ಗೆ ಹೋಗಲ್ಲ. ಶರ್ಟಿಗೇ ಹಂಗೆ. ನನ್ನ ಹೊಟ್ಟೆ ಹೊಲಿದೋರು ಆವತ್ತೇ ಯಾಕೆ ಬರೀಲಿಲ್ಲ?"

ಅವರು ಬೈದಿದ್ದರೆ ಮರೆತುಬಿಡುತ್ತಿದ್ದೆನೇನೋ. ಕೇಳಿದ್ದರಿಂದ ಮರೆಯಲು ಆಗಲಿಲ್ಲ. ಅವತ್ತು ಬಸ್ಸಿನಲ್ಲಿ ನಿಂತುಕೊಂಡು ಹೋಗುವಾಗ ನನ್ನ ತಲೆಯಲ್ಲಿ ಬಂಡಲ್ಲೇ ತಿರುಗುತ್ತಿತ್ತು. ಚೀಟಿ ಇಲ್ಲದೆ ಬಂಡಲ್ ಮುಂದಕ್ಕೆ ಹೋಗದಿದ್ದರೆ, ಹಾಳೆ ಇಲ್ಲದೆ ಟ್ರಾಲಿ ಯಾಕೆ ಮುಂದಕ್ಕೆ ಹೋಗಬೇಕು?

ಮರುದಿನ ಬೆಳಿಗ್ಗೆ ಇದನ್ನೇ ಡಾಕ್ಟರಿಗೆ ಹೇಳಿದೆ. ಶೇಷಗಿರಿಯವರು ಇಡೀ ಓಟಿಯವರನ್ನು ಸೇರಿಸಿ, ಇನ್ನು ಮೇಲೆ ಕೊಯ್ದವರೇ ಬರೆಯಬೇಕು, ಹಾಳೆ ಫೈಲಿಗೆ ಬೀಳದೆ ರೋಗಿ ಓಟಿ ಬಾಗಿಲು ದಾಟಬಾರದು, ಶನಿವಾರದ ಬರಹ ಬಂದ್ ಅಂದರು. ಗುರುತು ಸಿಗಲಿ ಅಂತ ತಿಳಿ ನೀಲಿ ಹಾಳೆ ಅಚ್ಚು ಹಾಕಿಸಿದೆ. ಮಾದರಿ ಹಾಳೆಯನ್ನು ಯಾರೂ ಮತ್ತೆ ಕೇಳಲಿಲ್ಲ, ನಾನೂ ಇಡಲಿಲ್ಲ.

ಆದರೆ ಡಾಕ್ಟರನ್ನು ತಡೆಯುವವರು ಯಾರು? ಸಿಸ್ಟರುಗಳು ತಡೆದಾರೇ? ಅಲ್ಲಿಗೆ ಬಂದವರು ನಮ್ಮ ರಂಗಪ್ಪ. ಕೆಂಗೇರಿಯ ಹಳೇ ಊರಿನವರು, ರಾಗಿ ಬೆಳೆದ ಕೈ. ಟ್ರಾಲಿ ತಳ್ಳುವ ಅಟೆಂಡರ್ ಕೆಲಸದಲ್ಲಿ ರಿಟೈರಾಗಲು ಇನ್ನೆರಡು ವರ್ಷ. ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ಮೂರೇ ವಿಷಯ ಹೇಳಿಕೊಟ್ಟೆ. ಹಾಳೆ ನೀಲಿ ಇರಬೇಕು, ರೋಗಿಯ ಕೈಪಟ್ಟಿಯ ನಂಬರು ಹಾಳೆಯ ನಂಬರಿಗೆ ತಾಳೆ ಆಗಬೇಕು, ಕೆಳಗೆ ಇಂಕಿನ ಸಹಿ ಇರಬೇಕು. "ಅಷ್ಟೇ ತಾನೆ? ನೀವು ಹೋಗಿ ಮೇಡಂ, ನಾನ್ ನೋಡ್ಕೋತೀನಿ" ಅಂದರು.

ರೂಲು ಮಾಡಿದವರೇ ಮೊದಲು ಮುರಿದರು. ಗಣೇಶನ ಹಬ್ಬ ಮುಗಿದ ಮೇಲಿನ ವಾರ, ಒಂದರ ಹಿಂದೆ ಒಂದು ಕೇಸು. ಶೇಷಗಿರಿಯವರು ಗ್ಲೌಸ್ ಬಿಚ್ಚುತ್ತಾ, "ಕರ್ಕೊಂಡ್ಹೋಗಿ, ಆಮೇಲೆ ಬರೀತೀನಿ" ಅಂದರಂತೆ. ರಂಗಪ್ಪ ಟ್ರಾಲಿಯ ಚಕ್ರದ ಬ್ರೇಕು ಒತ್ತಿ, ಕೈಕಟ್ಟಿ ನಿಂತರು. ನನಗೆ ಫೋನ್ ಬಂದು ಮೇಲೆ ಹೋಗುವಷ್ಟರಲ್ಲಿ ಜಾತ್ರೆಯೇ ಸೇರಿತ್ತು.

"ಏಯ್ ರಂಗಪ್ಪ, ತಳ್ಳಯ್ಯ ಅಂದೆ! ಮುಂದಿನ ಕೇಸ್ ಕಾಯ್ತಿದೆ!"

"ಹಾಳೆ ಇಲ್ದೆ ಗಾಡಿ ಹೊರಡಲ್ಲ ಸಾರ್. ನೀವು ಬೈರಿ, ಪರವಾಗಿಲ್ಲ. ಬೈಯೋ ಹೊತ್ತಲ್ಲಿ ಬರೆದೇ ಮುಗೀತಿತ್ತು."

ಒಳಗೆ ಯಾರೋ ಕಿಸಕ್ಕೆಂದು ನಕ್ಕರು. ನಾನು ರಂಗಪ್ಪನ ಪಕ್ಕ ಹೋಗಿ ನಿಂತೆ. ಇನ್ನೊಂದು ಪಕ್ಕಕ್ಕೆ ಬಂದು ನಿಂತವಳು ಸೌಮ್ಯ, ಕೈಯಲ್ಲಿ ನೀಲಿ ಹಾಳೆ, ಮೇಲೆ ಪೆನ್ನು. ಡಾಕ್ಟರು ಮೂವರನ್ನೂ ನೋಡಿದರು. ಹಾಳೆ ಕಸಿದುಕೊಂಡು ಗೋಡೆಗೆ ಒತ್ತಿ ನಿಂತಲ್ಲೇ ಬರೆದರು. ರಂಗಪ್ಪ ನಂಬರು ತಾಳೆ ನೋಡಿ, ಸಹಿಯ ಮೇಲೆ ಬೆರಳಾಡಿಸಿ, ಒದ್ದೆ ಇಂಕನ್ನು ಡಾಕ್ಟರಿಗೇ ತೋರಿಸಿ ಬ್ರೇಕು ಬಿಟ್ಟರು. ಆ ದಿನದಿಂದ ಮುಂದೆ ಯಾರೂ ಆ ಬಾಗಿಲಲ್ಲಿ ವಾದ ಮಾಡಲಿಲ್ಲ.

ಗಿರಿಜಮ್ಮ ಮತ್ತೆ ತೋರಿಸಿಕೊಳ್ಳಲು ಬಂದವರು ಕೆಳಗೂ ಇಳಿದು ಬಂದರು. ಕುಂಕುಮ, ಒಂದು ರವಿಕೆ ಬಟ್ಟೆ ಕೊಟ್ಟು, "ಹಬ್ಬಕ್ಕೆ ಆಗಲಿಲ್ಲ, ಈಗ ತಗೊಳ್ಳಿ" ಅಂದರು. ಅವರ ಮಾತಿನಿಂದಲೇ ಆದ ರೂಲಿನ ಕಥೆ ಹೇಳಿದೆ. "ನಮ್ಮ ಸೂಪರ್‌ವೈಸರ್‌ಗೆ ಹೇಳ್ತೀನಿ ತಡೀರಿ" ಅಂತ ಸೆರಗು ಬಾಯಿಗಿಟ್ಟುಕೊಂಡು ನಕ್ಕರು.

ಈಗ ಶೇಷಗಿರಿಯವರು ಆಪರೇಷನ್ ಮಾಡುವುದಿಲ್ಲ. ರಂಗಪ್ಪ ಊರಿನಲ್ಲಿದ್ದಾರೆ. ಆ ದಿನ ಟ್ರಾಲಿಯ ಮೇಲೆ ಮಲಗಿ ಇಷ್ಟೆಲ್ಲ ನೆನೆಯುವ ಹೊತ್ತಿಗೆ ಬಾಗಿಲು ತಳ್ಳಿಕೊಂಡು ನನ್ನ ಸರ್ಜನ್ ಬಂದಳು. ಮುಂದೆ ಓದಿ, ಸರ್ಜನ್ ಆಗಿ, ಇದೇ ಆಸ್ಪತ್ರೆಗೆ ಮರಳಿದ ಸೌಮ್ಯ. ತಲೆಗೂದಲಲ್ಲಿ ಒಂದೆರಡು ಬಿಳಿ, ಕೈಯಲ್ಲಿ ತಿಳಿ ನೀಲಿ ಹಾಳೆ.

"ಸಾರಿ ಆಂಟಿ, ಕಾಯಿಸ್ಬಿಟ್ಟೆ. ಇವರು ಬಿಡಲ್ಲ."

"ಬಿಡಬಾರದು. ಓದು, ನಂಗೆ ಕನ್ನಡಕ ಇಲ್ಲ."

ಅಟೆಂಡರ್ ನನ್ನ ಕೈಪಟ್ಟಿ ತಿರುಗಿಸಿ ನಂಬರು ನೋಡುತ್ತಿದ್ದ. ಅವಳು ಕನ್ನಡದಲ್ಲಿ ಬಿಡಿಸಿ ಓದಿದಳು. ಹೊಟ್ಟೆಗೆ ಹಾಕಿದ ನಾಲ್ಕು ತೂತು, ಕಲ್ಲುಗಳು, ಪಿತ್ತಕೋಶ ತೆಗೆದದ್ದು, ಒಂದು ಬಾಟಲಿ ಲ್ಯಾಬಿಗೆ ಕಳಿಸಿದ್ದು. ಆಮೇಲೆ ಕೊನೆಯ ಸಾಲಿನ ಮೇಲೆ ಬೆರಳಿಟ್ಟಳು.

"ಅಪೆಂಡಿಕ್ಸ್ ನೋಡಿದೆ. ಚೆನ್ನಾಗಿದೆ. ತೆಗೆದಿಲ್ಲ, ಅಲ್ಲೇ ಇದೆ."

"ಇನ್ನೊಂದ್ಸಲ ಓದು" ಅಂದೆ.

ಓದಿದಳು. ಅಟೆಂಡರ್ ಬ್ರೇಕು ಬಿಟ್ಟ. ಗಾಡಿ ಹೊರಟಿತು.